ಹಿತ್ತಲದ ಲೆಕ್ಕ

ಶಿವರಾತ್ರಿ ಕಳೆದ ಮೂರನೆಯ ದಿನ ಬೆಳಿಗ್ಗೆ ಹಿತ್ತಲದಲ್ಲಿ ನಿಂತು ಹೀರೆಬಳ್ಳಿಯ ಒಂದು ಎಳೆಗಾಯಿಗೆ ಹಳೆಯ ಸೀರೆಯ ಚೂರೊಂದನ್ನು ಕಟ್ಟುತ್ತಿದ್ದೆ. ಬೆಂಗಳೂರಿನಲ್ಲಿರುವ ಮೊಮ್ಮಗಳು ಮೊಬೈಲಿನ ಪರದೆಯಲ್ಲಿ ಅದನ್ನು ನೋಡುತ್ತಿದ್ದಳು. ಏಳು ವರ್ಷದ ಮಗು. “ಅಜ್ಜಾ, ಆ ಕಾಯಿಗೆ ಗಾಯ ಆಗಿದ್ಯಾ? ಬ್ಯಾಂಡೇಜ್ ಕಟ್ತಿದೀಯಾ?” ಎಂದು ಕೇಳಿದಳು. ನನಗೆ ನಗು ಬಂತು. “ಇಲ್ಲವ್ವಾ, ಇದು ಬೀಜದ ಕಾಯಿ. ಇದನ್ನ ಯಾರೂ ಹರಿಬಾರದು ಅಂತ ಗುರುತು” ಎಂದೆ. ಅವಳು ಒಂದು ಕ್ಷಣ ಯೋಚಿಸಿ, “ಯಾರಾದ್ರೂ ಹರಿದ್ರೆ?” ಎಂದಳು. ಅಷ್ಟರಲ್ಲಿ ಶಾಲೆಯ ಬಸ್ಸು ಬಂದಿತು. ಉತ್ತರ ಕೇಳದೆ ಓಡಿಹೋದಳು.

ಅವಳು ಓಡಿಹೋದದ್ದೇ ಒಳ್ಳೆಯದಾಯಿತು. ಅಂಥ ಒಂದು ಕಾಯಿಯನ್ನು ಐವತ್ತು ವರ್ಷಗಳ ಹಿಂದೆ ಹರಿದವನು ನಾನೇ. ಆ ಕಥೆಯನ್ನು ಮನೆಯವರಿಗೂ ಸರಿಯಾಗಿ ಹೇಳಿಲ್ಲ. ನಿಮಗಂತೂ, ನನ್ನ ಪ್ರೀತಿಯ ವಿದ್ಯಾರ್ಥಿಗಳೇ, ಹೇಳಿಯೇ ಇಲ್ಲ. ತರಗತಿಯಲ್ಲಿ ನಿಮ್ಮೆದುರು ಮಿತವ್ಯಯದ ಬಗ್ಗೆ ಅಷ್ಟೊಂದು ಪಾಠ ಹೇಳಿದವನು ಈ ಒಂದು ಪಾಠವನ್ನು ಬಾಕಿ ಉಳಿಸಿಕೊಂಡಿದ್ದೇನೆ. ಇಂದು ಅದನ್ನು ತೀರಿಸುವ ಮನಸ್ಸಾಗಿದೆ.

ಮೊದಲು ನಮ್ಮ ಕಕ್ಕೇರಾದ ವಸಂತದ ವಿಚಾರ. ಪಂಚಾಂಗದ ಪ್ರಕಾರ ಚೈತ್ರ, ವೈಶಾಖ ವಸಂತ ಋತು. ಪಠ್ಯಪುಸ್ತಕದಲ್ಲಿ ಮಾಮರ, ಕೋಗಿಲೆ, ತಂಗಾಳಿ. ಆದರೆ ಸುರಪುರ ಸೀಮೆಯಲ್ಲಿ ಹುಟ್ಟಿ ಬೆಳೆದ ನಮಗೆ ಗೊತ್ತು, ವೈಶಾಖದ ಹೊತ್ತಿಗೆ ಇಲ್ಲಿ ಬಿಸಿಲು 40 ಡಿಗ್ರಿ ದಾಟಿರುತ್ತದೆ; ಎರೆಹೊಲ ಬಿರುಕುಬಿಟ್ಟು ಕಾಲು ಇಳಿಯುವಷ್ಟು ಬಾಯಿ ತೆರೆದಿರುತ್ತದೆ. ಹಿತ್ತಲ ಮಾಡುವವನ ವಸಂತವೇ ಬೇರೆ. ಅದು ಮಾಘಮಾಸದಲ್ಲಿ ತಿಂಥಣಿ ಮೌನೇಶ್ವರನ ಜಾತ್ರೆಯ ಹೊತ್ತಿಗೆ ಆರಂಭವಾಗಿ ಯುಗಾದಿಗೆ ಮುಗಿಯುತ್ತದೆ. ಸುಮಾರು ಒಂದೂವರೆ ತಿಂಗಳು. ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎಂದು ಹೊರಟುಹೋಗುತ್ತದೆ. ಬಿಳಿಜೋಳದ ರಾಶಿ ಮನೆಗೆ ಬರುತ್ತದೆ. ನುಗ್ಗೆ ಹೂವು ಬಿಡುತ್ತದೆ. ಬೇವು ಹಳೆಯ ಎಲೆಯನ್ನು ಉದುರಿಸಿ ತಾಮ್ರವರ್ಣದ ಚಿಗುರು ತಳೆಯುತ್ತದೆ. ಈ ಅವಧಿಯಲ್ಲಿ ಬೇರೂರಿದ್ದು ಬೇಸಿಗೆಯನ್ನು ದಾಟುತ್ತದೆ. ಬೇರೂರದ್ದು ದಾಟುವುದಿಲ್ಲ.

ಅಮೆರಿಕದ ಮಿಷಿಗನ್ ರಾಜ್ಯದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪ್ರತಿ ಮಾರ್ಚ್ ತಿಂಗಳಿನಲ್ಲಿ ಒಂದು ಚಿತ್ರ ಕಳುಹಿಸುತ್ತಾನೆ. ಕಿಟಕಿಯ ಹೊರಗೆ ಹಿಮ. ಒಳಗೆ ಅಡುಗೆಮನೆಯ ಕಟ್ಟೆಯ ಮೇಲೆ ಪುಟ್ಟ ತಟ್ಟೆಗಳಲ್ಲಿ ಟೊಮ್ಯಾಟೊ ಸಸಿ. ಅಲ್ಲಿ ಮೇ ಮಧ್ಯದವರೆಗೂ ಹಿಮ ಸುರಿದು ಸಸಿ ಸಾಯುವ ಭಯವಿರುತ್ತದಂತೆ. ಆದ್ದರಿಂದ ಮನೆಯೊಳಗೆ ಬೆಳೆಸಿಕೊಂಡು, ಹೊರಗಿನ ಚಳಿ ಮುಗಿಯಲಿ ಎಂದು ಕಾಯುತ್ತಾರೆ. ನಾವು ಕಾಯುವಂತಿಲ್ಲ. ಅವರ ವಸಂತಕ್ಕೆ ಶತ್ರು ಹಿಂದೆ ಇರುತ್ತಾನೆ, ನಮ್ಮ ವಸಂತಕ್ಕೆ ಮುಂದೆ ಬರುತ್ತಿರುತ್ತಾನೆ. “ಸರ್, ನೀವು ಓಡ್ತೀರಿ, ನಾವು ನಿಲ್ತೀವಿ” ಎಂದು ಅವನು ಬರೆದಿದ್ದ. ಲೆಕ್ಕದಲ್ಲಿ ಸ್ವಲ್ಪ ಹಿಂದಿದ್ದ ಹುಡುಗ. ಮಾತು ಮಾತ್ರ ಸರಿಯಾಗಿ ಆಡಿದ್ದಾನೆ.

ನಮ್ಮ ಅವ್ವನ ಹಿತ್ತಲ ಉದ್ದ ನಲವತ್ತು ಹೆಜ್ಜೆ, ಅಗಲ ಇಪ್ಪತ್ತು ಹೆಜ್ಜೆ. ಮಸಾರಿ ನೆಲ. ಒಂದು ಮೂಲೆಗೆ ಬೇವು, ಅದರ ಎದುರು ಮೂಲೆಗೆ ನುಗ್ಗೆ, ಬಚ್ಚಲ ನೀರು ಬೀಳುವಲ್ಲಿ ಎರಡು ಬಾಳೆ. ಉಳಿದ ನೆಲದಲ್ಲಿ ಹೀರೆ, ಬದನೆ, ಚವಳಿಕಾಯಿ, ಪುಂಡಿಪಲ್ಲೆ, ರಾಜಗಿರಿ, ಗೋಡೆಗೆ ಹಬ್ಬಿದ ಸೋರೆ. ಸಂತೆಯಿಂದ ಕಾಯಿಪಲ್ಲೆ ಕೊಂಡು ತಂದ ನೆನಪು ನನ್ನ ಬಾಲ್ಯದಲ್ಲಿಲ್ಲ. ಸಂತೆಗೆ ಹೋಗುತ್ತಿದ್ದುದು ಉಪ್ಪು, ಬೆಲ್ಲ, ಸೀಮೆಎಣ್ಣೆಗೆ.

ಆ ಹಿತ್ತಲದಲ್ಲಿ ನೀರಿಗೆ ಒಂದು ಶಿಸ್ತಿತ್ತು. ಒಂದು ಕೊಡ ನೀರು ಎರಡು ಕೆಲಸವನ್ನಾದರೂ ಮಾಡದೆ ನೆಲ ಸೇರುತ್ತಿರಲಿಲ್ಲ. ಬೇಳೆ ತೊಳೆದ ನೀರು ಎಮ್ಮೆಯ ಬಾನಿಗೆ. ಸ್ನಾನದ ನೀರು ಬಾಳೆಗೆ. ಪಾತ್ರೆ ತೊಳೆದ ನೀರು ಹೀರೆಬಳ್ಳಿಗೆ. ಪಾತ್ರೆ ತಿಕ್ಕುತ್ತಿದ್ದುದು ಒಲೆಯ ಬೂದಿಯಿಂದಾದ್ದರಿಂದ ಆ ನೀರಿನಿಂದ ಬಳ್ಳಿಗೆ ಹಾನಿಯಾಗುತ್ತಿರಲಿಲ್ಲ. ಇಂದಿನ ಸಾಬೂನುಪುಡಿಯ ನೀರನ್ನು ಹಾಗೆ ಸುರಿದರೆ ನೆಲ ಗಟ್ಟಿಯಾಗಿ ಗಿಡ ಬಾಡುತ್ತದೆ. ನಾನೇ ಒಮ್ಮೆ ಮಾಡಿ ನೋಡಿ ಎರಡು ಬದನೆ ಗಿಡ ಕಳೆದುಕೊಂಡಿದ್ದೇನೆ.

ಜಾತ್ರೆ ಮುಗಿದ ವಾರದಲ್ಲಿ ಅವ್ವ ಮನೆಯ ಹಳೆಯ ಮಣ್ಣಿನ ಕೊಡಗಳನ್ನು ಹೊರತೆಗೆಯುತ್ತಿದ್ದಳು. ಅಂಚು ಒಡೆದದ್ದು, ಕಂಠ ಮುರಿದದ್ದು. ಅವುಗಳನ್ನು ಕುತ್ತಿಗೆಯವರೆಗೆ ನೆಲದಲ್ಲಿ ಹೂತು, ಸುತ್ತ ಬೀಜ ಊರಿ, ಕೊಡದ ತುಂಬ ನೀರು ಹಾಕಿ, ಬಾಯಿಗೆ ಹಂಚಿನ ತುಂಡು ಮುಚ್ಚುತ್ತಿದ್ದಳು. ಮಣ್ಣು ಒಣಗಿದಷ್ಟೂ ಕೊಡದ ಗೋಡೆಯಿಂದ ನೀರು ಜಿನುಗುತ್ತದೆ. ಮಣ್ಣು ಹಸಿಯಿದ್ದರೆ ಜಿನುಗುವುದು ಕಡಿಮೆ. ಬೇರು ತಾನಾಗಿಯೇ ಕೊಡವನ್ನು ಅಪ್ಪಿಕೊಳ್ಳುತ್ತದೆ. ಬಿಸಿಲಿಗೆ ಆವಿಯಾಗಿ ಹೋಗುವುದು ಅತ್ಯಲ್ಪ. ಅಡುಗೆಯ ಮಡಕೆ ಇದಕ್ಕೆ ಬಾರದು. ಎಣ್ಣೆ, ಮಸಿ ಹಿಡಿದು ಅದರ ಸೂಕ್ಷ್ಮ ರಂಧ್ರಗಳು ಮುಚ್ಚಿಹೋಗಿರುತ್ತವೆ. ನೀರಿನ ಕೊಡವೇ ಬೇಕು. ಕ್ರಿಸ್ತಪೂರ್ವ ಒಂದನೆಯ ಶತಮಾನದ ಚೀನಾದ ಕೃಷಿಗ್ರಂಥವೊಂದರಲ್ಲಿ, ಫಾನ್ ಶೆಂಗ್‌ಜಿ ಎಂಬುವನು ಬರೆದದ್ದರಲ್ಲಿ, ಇದೇ ವಿಧಾನದ ವಿವರಣೆ ಇದೆಯೆಂದು ನಿವೃತ್ತಿಯ ನಂತರ ಓದಿ ತಿಳಿದೆ. ಅಕ್ಷರ ಬಾರದ ಅವ್ವನಿಗೆ ಅದನ್ನು ಯಾರು ಹೇಳಿಕೊಟ್ಟರೋ! ಕೇಳಿದ್ದರೆ, “ನಮ್ಮ ಅವ್ವ ಹಿಂಗ ಮಾಡ್ತಿದ್ಳು” ಎನ್ನುತ್ತಿದ್ದಳು, ಅಷ್ಟೇ.

ಬುಡಕ್ಕೆ ಶೇಂಗಾದ ಸಿಪ್ಪೆ ಹರಡುವುದು, ಪಡುವಣ ಬಿಸಿಲಿಗೆ ಅಡ್ಡವಾಗಿ ತೊಗರಿ ಕಟ್ಟಿಗೆಯ ತಡಿಕೆ ನಿಲ್ಲಿಸುವುದು, ಎಲೆಗೆ ಹೇನು ಬಿದ್ದರೆ ಬೆಳಗಿನ ಇಬ್ಬನಿ ಇರುವಾಗಲೇ ಜರಡಿ ಹಿಡಿದ ಬೂದಿ ಉದುರಿಸುವುದು, ಇವೆಲ್ಲ ಅವ್ವನ ಕೆಲಸಗಳು. ಎಲ್ಲಕ್ಕಿಂತ ಮುಖ್ಯವಾದದ್ದು ಬೀಜ. ಪ್ರತಿ ಬಳ್ಳಿಯ ಎರಡನೆಯ ಅಥವಾ ಮೂರನೆಯ ಕಾಯಿ, ನೆಟ್ಟಗೆ, ಉದ್ದವಾಗಿ, ರೋಗವಿಲ್ಲದೆ ಬಂದದ್ದು, ಬೀಜಕ್ಕೆ. ಅದಕ್ಕೆ ಹಳೆಯ ಸೀರೆಯ ಅಂಚಿನ ಚೂರು ಕಟ್ಟಿದಳೆಂದರೆ ಮನೆಯಲ್ಲಿ ಯಾರೂ ಅದನ್ನು ಮುಟ್ಟುವಂತಿಲ್ಲ. ಅದು ಬಳ್ಳಿಯಲ್ಲೇ ಬಲಿತು, ಒಣಗಿ, ಅಲುಗಿಸಿದರೆ ಗಲಗಲ ಸದ್ದಾಗುವವರೆಗೆ ತೂಗುತ್ತಿತ್ತು. ಆಮೇಲೆ ಬೀಜ ಬಿಡಿಸಿ, ಬೂದಿ ಬೆರೆಸಿ, ಒಣಗಿದ ಸೋರೆಯ ಬುರುಡೆಯಲ್ಲಿ ತುಂಬಿ, ಒಲೆಯ ಹೊಗೆ ತಾಗುವಂತೆ ತೊಲೆಗೆ ನೇತುಹಾಕುತ್ತಿದ್ದಳು. ಹುಳ ಹತ್ತುತ್ತಿರಲಿಲ್ಲ.

ಇನ್ನು ನನ್ನ ಲೆಕ್ಕದ ಪುಸ್ತಕದ ಮಾತು. 1971ರಲ್ಲಿ ನಾನು ಶಿಕ್ಷಕನಾದೆ. ಮೊದಲ ಸಂಬಳದ ದಿನವೇ ಒಂದು ರಟ್ಟಿನ ನೋಟುಪುಸ್ತಕ ಕೊಂಡು, ಗೆರೆ ಹೊಡೆದು, ಮನೆಯ ಖರ್ಚನ್ನು ಬರೆಯತೊಡಗಿದೆ. ಜೋಳ, ಬೇಳೆ, ಎಣ್ಣೆ, ಸೀಮೆಎಣ್ಣೆ, ಬಟ್ಟೆ, ಔಷಧ, ಕಾಯಿಪಲ್ಲೆ. ‘ಕಾಯಿಪಲ್ಲೆ’ಯ ಎದುರಿಗೆ ತಿಂಗಳು ತಿಂಗಳೂ ಒಂದೇ ಮಾತು: ‘ಇಲ್ಲ’. ಅದನ್ನು ನೋಡಿ ನನಗೆ ಆಗುತ್ತಿದ್ದ ಹೆಮ್ಮೆ ಅಷ್ಟಿಷ್ಟಲ್ಲ. ಶಾಲೆಗಳಲ್ಲಿ ಆಗ ಮಕ್ಕಳ ಉಳಿತಾಯಕ್ಕೆ ‘ಸಂಚಯಿಕಾ’ ಎಂಬ ಯೋಜನೆ ಇದ್ದುದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಅದರ ಸಲುವಾಗಿ ಭಾಷಣ ಮಾಡುವಾಗಲೆಲ್ಲ ನಾನು ಆ ನೋಟುಪುಸ್ತಕವನ್ನು ತರಗತಿಗೆ ತಂದು ತೋರಿಸುತ್ತಿದ್ದೆ. “ನೋಡಿರಿ, ಆರು ಜನರ ಮನೆ, ಕಾಯಿಪಲ್ಲೆಗೆ ಒಂದು ಪೈಸೆ ಖರ್ಚಿಲ್ಲ” ಎನ್ನುತ್ತಿದ್ದೆ. ನೀವು ಚಪ್ಪಾಳೆ ತಟ್ಟುತ್ತಿದ್ದಿರಿ.

1972ರಲ್ಲಿ ಮಳೆ ಕೈಕೊಟ್ಟಿತು. ಆ ಬರವನ್ನು ಕಂಡವರು ಇಂದು ಎಲ್ಲರೂ ಎಪ್ಪತ್ತರ ಆಸುಪಾಸಿನವರು. ಮಹಾರಾಷ್ಟ್ರದಿಂದ ಹಿಡಿದು ನಮ್ಮ ಉತ್ತರ ಕರ್ನಾಟಕದವರೆಗೆ ಹೊಲಗಳು ಬರಿದಾದವು. ಜನ ಬರಗಾಲದ ಕಾಮಗಾರಿಗೆ ಹೋಗಿ ಕಲ್ಲು ಒಡೆದರು, ರಸ್ತೆಗೆ ಮಣ್ಣು ಹೊತ್ತರು. ಹೊರಗಿನಿಂದ ಬಂದ ಕೆಂಪು ಜೋಳವನ್ನು ಸಾಲಿನಲ್ಲಿ ನಿಂತು ತಂದರು. ಅದರ ರೊಟ್ಟಿ ತಟ್ಟಿದರೆ ಹರಿಯುತ್ತಿತ್ತು, ಬಾಯಿಗೆ ರುಚಿಸುತ್ತಿರಲಿಲ್ಲ. ನನ್ನ ಸಂಬಳವಿದ್ದುದರಿಂದ ನಮ್ಮ ಮನೆಯಲ್ಲಿ ಒಲೆ ಉರಿಯುತ್ತಿತ್ತು. ಆದರೆ ಸಂಬಳದಿಂದ ನೀರು ಬರುವುದಿಲ್ಲವಷ್ಟೆ. ಹತ್ತಿರದ ಬಾವಿ ತಳ ಕಂಡಿತು. ಅವ್ವ ಮತ್ತು ಅಕ್ಕ ನಸುಕಿನಲ್ಲಿ ಎದ್ದು ದೂರದ ಬಾವಿಗೆ ಹೋಗುತ್ತಿದ್ದರು. ಅಕ್ಕ ಮುಂದಿನ ವರ್ಷ ಮದುವೆಯಾಗಬೇಕಾದವಳು; ಅವಳ ನಡುವಿಗೆ ಭಾರ ಬೀಳಬಾರದೆಂದು ಅವ್ವ ಅವಳಿಗೆ ಸಣ್ಣ ಕೊಡ ಕೊಟ್ಟು ತಾನು ದೊಡ್ಡದನ್ನು ಹೊರುತ್ತಿದ್ದಳು.

ಆ ಚಳಿಗಾಲದಲ್ಲಿ ಹಿತ್ತಲದ ಎಲ್ಲವೂ ಒಣಗಿದವು. ಬುರುಡೆಯಲ್ಲಿದ್ದ ಹೀರೆಬೀಜವನ್ನೆಲ್ಲ ಎರಡು ಸಲ ಊರಿ ಎರಡು ಸಲವೂ ಕಳೆದುಕೊಂಡಿದ್ದಾಯಿತು. ಉಳಿದದ್ದು ಒಂದೇ ಬಳ್ಳಿ, ಮುಖ ತೊಳೆದ ನೀರಿನಲ್ಲಿ ಬದುಕಿದ್ದು. 1973ರ ಶಿವರಾತ್ರಿಯ ಹೊತ್ತಿಗೆ ಅದರಲ್ಲಿ ಕಾಯಿಗಳು ನಿಂತವು. ಮೊದಲಿನವು ಸೊಟ್ಟಗಾಗಿ ಉದುರಿದವು. ಮೂರನೆಯದು ನೆಟ್ಟಗೆ ಬಂತು. ಅವ್ವ ಅದಕ್ಕೆ ಸೀರೆಯ ಚೂರು ಕಟ್ಟಿದಳು.

ನಾಲ್ಕೈದು ದಿನಗಳ ನಂತರ ಒಂದು ಭಾನುವಾರ, ನನಗಿಂತ ಹಿರಿಯರಾದ ಶಿಕ್ಷಕರೊಬ್ಬರು ಮನೆಗೆ ಬಂದರು. ನಾನೇ ಕರೆದಿದ್ದೆ. ಅವ್ವ ಬಾವಿಗೆ ಹೋಗಿದ್ದಳು. ಅತಿಥಿಗೆ ಬರೀ ರೊಟ್ಟಿ, ಹಿಂಡಿ ಬಡಿಸುವುದು ಹೇಗೆ? ನನಗಾಗ ಇಪ್ಪತ್ತೆರಡು ವರ್ಷ. ಹೊಸ ನೌಕರಿಯ ಅಭಿಮಾನ ಬೇರೆ. ಹಿತ್ತಲಕ್ಕೆ ಹೋದೆ. ಬಟ್ಟೆಯ ಚೂರು ಕಟ್ಟಿದ ಕಾಯಿ ಕಣ್ಣಿಗೆ ಬಿತ್ತು. ಕಾಣಲಿಲ್ಲವೆಂದರೆ ಸುಳ್ಳಾಗುತ್ತದೆ. ಇನ್ನೂ ಎಳೆಯದಿತ್ತು. ಹರಿದು, ಆ ಚೂರನ್ನು ಬಿಚ್ಚಿ ಬೇಲಿಗೆ ಸಿಕ್ಕಿಸಿ, ಕಾಯಿಯನ್ನು ಒಲೆಯ ಹತ್ತಿರ ಇಟ್ಟುಬಂದೆ.

ಅವ್ವ ಬಂದವಳು ಕೊಡ ಇಳಿಸಿ ಕಾಯಿಯನ್ನು ನೋಡಿದಳು. ನನ್ನನ್ನು ನೋಡಿದಳು. “ಅದು ಬೀಜದ್ದಿತ್ತಲ್ಲೋ ತಮ್ಮಾ” ಎಂದಳು. ನಾನು ಹೊರಗೆ ಕುಳಿತಿದ್ದವರ ಕಡೆ ಕಣ್ಣು ತೋರಿಸಿದೆ. ಅವಳು ಮತ್ತೇನೂ ಹೇಳದೆ ಈಳಿಗೆ ಎಳೆದುಕೊಂಡಳು. ಶೇಂಗಾಪುಡಿ ಹಾಕಿ ಪಲ್ಯ ಮಾಡಿದಳು. ಸಿಪ್ಪೆಯನ್ನೂ ಬಿಡದೆ ಚಟ್ನಿ ಅರೆದಳು. ಅತಿಥಿ ಬೆರಳು ಚೀಪಿಕೊಂಡು ಉಂಡು, “ಬರಗಾಲದಾಗೂ ನಿಮ್ಮ ಮನಿಯಾಗ ಹಸಿ ಕಾಯಿಪಲ್ಲೆ!” ಎಂದು ಹೊಗಳಿದರು. ಆ ರಾತ್ರಿ ನೋಟುಪುಸ್ತಕದಲ್ಲಿ ‘ಕಾಯಿಪಲ್ಲೆ: ಇಲ್ಲ’ ಎಂದು ಬರೆದೆ.

ಮೇ ತಿಂಗಳ ಕೊನೆಗೆ ಮೋಡ ಕಟ್ಟತೊಡಗಿತು. ರೋಹಿಣಿ ಮಳೆಗೆ ಊರಲು ಹೀರೆಬೀಜ ಇರಲಿಲ್ಲ. ಓಣಿಯಲ್ಲಿ ಯಾರ ಬಳಿಯೂ ಇರಲಿಲ್ಲ. ಅವ್ವನ ತವರು ಕೊಡೇಕಲ್. ಹೊತ್ತು ಮೂಡುವ ಮೊದಲೇ ಒಬ್ಬಳೇ ನಡೆದುಕೊಂಡು ಹೊರಟವಳು ಮರುದಿನ ದೀಪ ಹಚ್ಚುವ ಹೊತ್ತಿಗೆ ತಿರುಗಿ ಬಂದಳು. ಸೆರಗಿನ ತುದಿಯ ಗಂಟಿನಲ್ಲಿ ಏಳು ಬೀಜಗಳಿದ್ದವು. “ಅವ್ರ ಹತ್ರನೂ ಭಾಳ ಇರಲಿಲ್ಲ, ಇಷ್ಟಾದ್ರೂ ಕೊಟ್ರು” ಎಂದಳು. ಅವಳ ಹಿಮ್ಮಡಿಯ ಬಿರುಕಿನಿಂದ ರಕ್ತ ಬಂದಿತ್ತು. ಇಲ್ಲಿ ಒಂದು ವಿಷಯವನ್ನು ನಾನು ಬರೆಯಲೇಬೇಕು. ಅದು ಬೇಸಿಗೆ ರಜೆಯ ಕಾಲ. ಶಾಲೆ ಇರಲಿಲ್ಲ. ಅವಳು ನಡೆದು ಹೋದ ಆ ಎರಡು ದಿನ ನಾನು ಬೇವಿನ ನೆರಳಿನಲ್ಲಿ ಹೊರಸು ಹಾಕಿಕೊಂಡು ಕಾದಂಬರಿ ಓದುತ್ತಿದ್ದೆ.

ಆ ಏಳು ಬೀಜಗಳಲ್ಲಿ ಐದು ಮೊಳೆತವು. ಈಗ ನಮ್ಮ ಹಿತ್ತಲದಲ್ಲಿರುವ ಹೀರೆ ಆ ಐದರ ಸಂತಾನ.

ಮುಂದೆ ಕಾಲ ಬದಲಾಯಿತು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟ ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಅಣೆಕಟ್ಟು, ಈಗಿನ ಬಸವಸಾಗರ, 1982ರಲ್ಲಿ ಪೂರ್ಣವಾಯಿತು. ಎಡದಂಡೆ ಕಾಲುವೆಯ ನೀರು ನಮ್ಮ ಸೀಮೆಗೆ ಹರಿಯಿತು. ಜೋಳ, ಸಜ್ಜೆ ಬೆಳೆಯುತ್ತಿದ್ದ ಕಡೆ ಭತ್ತ ಬಂತು. ಊರು ಬೆಳೆಯಿತು, ಬಾಡಿಗೆಗೆ ಮನೆ ಕೇಳುವವರು ಬಂದರು. 1988ರಲ್ಲಿ ನಾನು ಹಿತ್ತಲದ ಅರ್ಧಭಾಗದಲ್ಲಿ ಎರಡು ಸಿಮೆಂಟಿನ ಕೋಣೆ ಕಟ್ಟಿಸಲು ನಿರ್ಧರಿಸಿದೆ. ಅವ್ವ ಒಪ್ಪಲಾರಳೆಂದು ಭಾವಿಸಿ ವಾದಗಳನ್ನೆಲ್ಲ ಸಿದ್ಧಪಡಿಸಿಕೊಂಡು ಅವಳ ಎದುರು ಕುಳಿತೆ. ಅವಳು ಕೇಳಿಸಿಕೊಂಡು, “ಕಟ್ಟು ತಮ್ಮಾ. ನೀರು ಹೊರೋದು ಅರ್ಧ ಕಡಿಮಿ ಆಗ್ತದ” ಎಂದಳು. ತಮಾಷೆಯೆಂದುಕೊಂಡು ನಕ್ಕೆ. ಅವಳು ನಗಲಿಲ್ಲ.

1994ರಲ್ಲಿ ಅವ್ವ ತೀರಿಕೊಂಡಳು. ಕರ್ಮಗಳೆಲ್ಲ ಮುಗಿದ ಸಂಜೆ ಅಕ್ಕನೊಡನೆ ಹಳೆಯದನ್ನು ಮಾತಾಡುತ್ತ ಆ ಹೀರೆಕಾಯಿಯ ವಿಷಯ ಬಂತು. “ಅವತ್ತು ಅವ್ವ ಉಂಡಿಲ್ಲ, ಗೊತ್ತದ ನಿನಗ?” ಎಂದಳು ಅಕ್ಕ. ಗೊತ್ತಿರಲಿಲ್ಲ. ಅತಿಥಿಗೆ ಎರಡು ರೊಟ್ಟಿ ಹೆಚ್ಚು ಬಡಿಸಿದ್ದರಿಂದ ಹಿಟ್ಟು ತೀರಿತ್ತಂತೆ. “ಅವತ್ತು ಅಷ್ಟೇ ಅಲ್ಲ, ಆ ವರ್ಷ ಭಾಳ ದಿನ ಅಂಬಲಿ ಕುಡದೇ ಮಲಗ್ಯಾಳ” ಎಂದಳು. ಉಂಡಿಯೇನವ್ವಾ ಎಂದು ನಾನು ಕೇಳಿದ್ದೆ, ಕೇಳದೆ ಇರುತ್ತಿರಲಿಲ್ಲ; “ಆಮ್ಯಾಗ ಉಣ್ತೀನಿ” ಎಂಬ ಉತ್ತರವನ್ನು ನಂಬುವುದು ನನಗೆ ಅನುಕೂಲವಾಗಿತ್ತು.

ಉಳಿದ ಅರ್ಧ ಹಿತ್ತಲವನ್ನು ನನ್ನ ಶ್ರೀಮತಿ ನೋಡಿಕೊಂಡಳು. ನೋಟುಪುಸ್ತಕದಲ್ಲಿ ಕಾಯಿಪಲ್ಲೆಯ ಎದುರು ‘ಇಲ್ಲ’ ಎಂಬುದು ಮುಂದುವರಿಯಿತು. ಒಮ್ಮೆ ಅವಳು ನನ್ನ ಹಿಂದೆ ನಿಂತು ಪುಟವನ್ನು ನೋಡುತ್ತ, “ಈ ಪುಸ್ತಕದಾಗ ನಾ ಎಲ್ಲಿ ಇದೀನ್ರೀ?” ಎಂದು ಕೇಳಿದ್ದಳು. ‘ಬಟ್ಟೆ’ ಮತ್ತು ‘ಔಷಧ’ದ ಸಾಲನ್ನು ತೋರಿಸಿದೆ. ಎಂಥ ಉತ್ತರ!

2018ರಲ್ಲಿ ಅವಳೂ ಹೋದಳು. ಮರುವರ್ಷ ಶಿವರಾತ್ರಿಯ ಹೊತ್ತಿಗೆ ಹಿತ್ತಲ ಒಣಗುತ್ತಿರುವುದನ್ನು ನೋಡಲಾರದೆ ನಾನೇ ಇಳಿದೆ. ನಿವೃತ್ತನಾಗಿ ಎಂಟು ವರ್ಷವಾಗಿತ್ತು. ಮಿತವ್ಯಯ, ಸರಳ ಜೀವನ ಎಂದು ಅಲ್ಲಲ್ಲಿ ಉಪನ್ಯಾಸ ಕೊಡುತ್ತಿದ್ದೆ. ಮುಂದಿನ ಅಂಗಳದ ತೊಟ್ಟಿಯಿಂದ ಹಿಂದಿನ ಹಿತ್ತಲಕ್ಕೆ ಮೂವತ್ತು ಹೆಜ್ಜೆ. ಕೈಯಲ್ಲಿ 12 ಲೀಟರಿನ ಡಬ್ಬಿ. ಮೊದಲ ದಿನ ಎಂಟು ಡಬ್ಬಿ ಹಾಕಿದೆ. ಎರಡನೆಯ ದಿನ ಆರು. ಮೂರನೆಯ ದಿನ ಸೊಂಟ ಹಿಡಿದು ಹಾಸಿಗೆಯಲ್ಲಿ ಮಲಗಿದೆ.

ಮಲಗಿದಲ್ಲೇ ಲೆಕ್ಕ ಮಾಡಿದೆ. ಗಣಿತದ ಮೇಷ್ಟ್ರಿಗೆ ಬೇರೇನು ಕೆಲಸ? 1973ರಲ್ಲಿ ನಮ್ಮ ಮನೆಗೆ ದಿನಕ್ಕೆ ಎಂಟು ಕೊಡ ನೀರು. ಕೊಡಕ್ಕೆ 12 ಲೀಟರಿನಂತೆ 96 ಲೀಟರ್. ಶಿವರಾತ್ರಿಯಿಂದ ಮೊದಲ ಮಳೆಯವರೆಗೆ ನೂರು ದಿನವೆಂದರೆ 9,600 ಲೀಟರ್. ತೂಕದಲ್ಲಿ 96 ಕ್ವಿಂಟಲ್. ಒಂದು ಲಾರಿ ಹೊರುವಷ್ಟು ಭಾರವನ್ನು ಇಬ್ಬರು ಹೆಂಗಸರು, ಅದರಲ್ಲೂ ಮುಕ್ಕಾಲು ಪಾಲನ್ನು ಅವ್ವ, ದೂರದ ಬಾವಿಯಿಂದ ಹೊತ್ತು ತಂದಿದ್ದರು. ನನ್ನ ಪುಸ್ತಕದಲ್ಲಿ ಅದಕ್ಕೆ ಒಂದು ಸಾಲೂ ಇರಲಿಲ್ಲ. ‘ಕಾಯಿಪಲ್ಲೆ: ಇಲ್ಲ’ ಎಂಬ ಸಾಲು ತಪ್ಪು ಲೆಕ್ಕ. ಖರ್ಚು ಇಲ್ಲದಿರಲಿಲ್ಲ. ಬೇರೆಯವರ ಮೈಯಿಂದ ಆಗಿತ್ತು, ನಾನು ಬರೆದಿರಲಿಲ್ಲ. ಆ ಪುಸ್ತಕ ತೋರಿಸಿ ನಿಮ್ಮಿಂದ ಚಪ್ಪಾಳೆ ಪಡೆದಿದ್ದಕ್ಕೆ ಇಂದು ನಾಚಿಕೆಯಾಗುತ್ತದೆ. ವಿದ್ಯಾರ್ಥಿಯಾರಾದರೂ ಹೀಗೆ ಲೆಕ್ಕ ಬಿಡಿಸಿದ್ದರೆ ಸೊನ್ನೆ ಹಾಕುತ್ತಿದ್ದೆ.

ಹಾಗೆಂದು ಹಿತ್ತಲವನ್ನು ಬಿಡಲಿಲ್ಲ. ಉಳಿತಾಯ ಕೆಟ್ಟದ್ದೆಂದು ಹೇಳುತ್ತಲೂ ಇಲ್ಲ. ಯಾವುದನ್ನು ಉಳಿಸಬೇಕು, ಯಾರ ಪಾಲಿನಿಂದ ಉಳಿಸಬಾರದು ಎಂಬುದನ್ನು ಬೇರೆ ಮಾಡಿ ನೋಡಬೇಕೆಂದು ಮಾತ್ರ ಹೇಳುತ್ತೇನೆ. ಸೊಂಟ ನೆಟ್ಟಗಾದ ಮೇಲೆ ಮೊದಲು ಒಂದು ಉದ್ದನೆಯ ರಬ್ಬರಿನ ಪೈಪು ಕೊಂಡೆ. ಅವ್ವನ ಕಾಲದಲ್ಲಿ ಪೈಪು ಜೋಡಿಸಲು ನಳವಿರಲಿಲ್ಲ, ನಿಜ. ಆದರೆ ನಳ ಬಂದ ಮೇಲೂ ಶ್ರೀಮತಿಗೆ ನಾನು ಪೈಪು ತಂದುಕೊಟ್ಟಿರಲಿಲ್ಲ. ಅದನ್ನು ‘ಅನಾವಶ್ಯಕ ಖರ್ಚು’ ಎಂದು ಕರೆದಿದ್ದೆ. ಆಮೇಲೆ ಸೋರುತ್ತಿದ್ದ ಬಾಡಿಗೆ ಕೋಣೆಗಳಲ್ಲಿ ಒಂದನ್ನು ಕೆಡವಿಸಿದೆ. ಸಿಮೆಂಟಿನ ಕೆಳಗಿನ ಮಣ್ಣು ಸತ್ತಂತಿತ್ತು. ಕುರಿಹಿಕ್ಕೆ, ಒಣ ಎಲೆ, ಬೂದಿ ಹಾಕಿ ಮೂರು ವರ್ಷ ಕಾದ ಮೇಲೆ ಎರೆಹುಳು ಕಂಡಿತು. ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ವಿಚಾರಿಸಿಕೊಂಡು ಬಂದೆ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ‘ಭಾಗ್ಯ’ ಎಂಬ ನುಗ್ಗೆಯ ತಳಿಯನ್ನು ಹಾಕಿದ್ದೇನೆ. ಅದು ಗಿಡ್ಡ ಗಿಡ, ಏಣಿ ಹತ್ತಬೇಕಾಗಿಲ್ಲ. ನನ್ನ ವಯಸ್ಸಿಗೆ ತಕ್ಕದ್ದು.

ಅಂಗಡಿಯ ಹೈಬ್ರಿಡ್ ಬೀಜವನ್ನೂ ಒಮ್ಮೆ ಹಾಕಿ ನೋಡಿದೆ. ಇಳುವರಿ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆದರೆ ಅದರ ಬೀಜ ತೆಗೆದು ಮರುವರ್ಷ ಊರಿದರೆ ಒಂದು ಬಳ್ಳಿಯಂತೆ ಇನ್ನೊಂದು ಬರಲಿಲ್ಲ. ಎರಡು ತಳಿ ಕೂಡಿಸಿದ ಬೀಜದ ಗುಣ ಮುಂದಿನ ಪೀಳಿಗೆಯಲ್ಲಿ ಒಡೆದುಹೋಗುತ್ತದೆ. ಅದಕ್ಕೆ ಸೀರೆಯ ಚೂರು ಕಟ್ಟಿ ಪ್ರಯೋಜನವಿಲ್ಲ. ಪ್ರತಿ ವರ್ಷ ಹೊಸ ಚೀಟಿ ಕೊಳ್ಳಬೇಕು. ಸೋರೆಯ ಬೀಜ ಇಟ್ಟುಕೊಳ್ಳುವವರಿಗೆ ಒಂದು ಎಚ್ಚರಿಕೆ: ಅಡುಗೆಗೆ ಮೊದಲು ಕಾಯಿಯ ಸಣ್ಣ ಚೂರನ್ನು ನಾಲಗೆಗೆ ಮುಟ್ಟಿಸಿ ನೋಡಿರಿ. ಕಹಿಯಿದ್ದರೆ ಬಿಸಾಡಿರಿ; ಕಹಿ ಸೋರೆ ವಿಷ. ಆ ಒಂದು ಕಡೆ ಮಿತವ್ಯಯ ಬೇಡ.

ಈಗಲೂ ಲೆಕ್ಕದ ಪುಸ್ತಕ ಇದೆ. ಅದರಲ್ಲಿ ‘ನೀರು’, ‘ಕೆಲಸ’ ಎಂಬ ಎರಡು ಹೊಸ ಸಾಲುಗಳಿವೆ. ವಾರಕ್ಕೆ ಎರಡು ದಿನ ಬಂದು ಕಳೆ ಕೀಳುವ, ಮಡಿ ಮಾಡುವ ತಂಗೆವ್ವನಿಗೆ ಹೊಲದ ಕೂಲಿಯಷ್ಟೇ ಕೂಲಿ. ಮಧ್ಯಾಹ್ನ ಅವಳು ಉಂಡ ಮೇಲೆಯೇ ನಾನು ತಾಟಿಗೆ ಕೂಡುತ್ತೇನೆ. ನಾನು ಮಾಡಿದ ಗಂಟೆಗಳನ್ನೂ ಬರೆಯುತ್ತೇನೆ. ಎಲ್ಲವನ್ನೂ ಕೂಡಿಸಿದರೆ ನಮ್ಮ ಹಿತ್ತಲದ ಹೀರೆಕಾಯಿ ಸಂತೆಯದ್ದಕ್ಕಿಂತ ಅಗ್ಗವೇನೂ ಅಲ್ಲ. “ಮತ್ಯಾಕ ಈ ಉಸಾಬರಿ?” ಎಂದು ಮಗ ಕೇಳುತ್ತಾನೆ. ಬೀಜ ಉಳಿಯುತ್ತದೆ, ಔಷಧ ಹೊಡೆಯದ ಪಲ್ಲೆ ಸಿಗುತ್ತದೆ, ಬೆಳಿಗ್ಗೆ ಏಳಲು ಒಂದು ಕಾರಣವಿರುತ್ತದೆ. ಜೊತೆಗೆ ಇದು ಸರಿಯಾದ ಲೆಕ್ಕ. ಇಷ್ಟು ಸಾಲದೇ?

2023ಕ್ಕೆ ಆ ಏಳು ಬೀಜಗಳಿಗೆ ಐವತ್ತು ವರ್ಷ ತುಂಬಿದವು. ಅಂದು ಮೇ ತಿಂಗಳಲ್ಲಿ ಹೀರೆಬೀಜವನ್ನು ಕಾಗದದಲ್ಲಿ ಕಟ್ಟಿಕೊಂಡು ಕೊಡೇಕಲ್ಲಿಗೆ ಹೋದೆ. ಸೋದರಮಾವನ ಮೊಮ್ಮಗನ ಮನೆ. ಹಿತ್ತಲವಿದ್ದಲ್ಲಿ ಈಗ ಟ್ರ್ಯಾಕ್ಟರ್ ನಿಲ್ಲುತ್ತದೆ. ಸೊಸೆ ಚಹಾ ಕೊಟ್ಟು, “ಬಿಸಿಲಾಗ ಯಾಕ ಬರಾಕ ಹೋದ್ರಿ ಅಜ್ಜಾ, ಹೇಳಿದ್ರ ಇವ್ರು ಬಂದು ಒಯ್ತಿದ್ರಲ್ಲ” ಎಂದಳು. ಹದಿನಾಲ್ಕು ಬೀಜ ಎಣಿಸಿ ಅವಳ ಕೈಗೆ ಹಾಕಿದೆ. ಸಾಲ ಏಳು, ಬಡ್ಡಿ ಏಳು. ಅವಳಿಗೆ ಅರ್ಥವಾಗಲಿಲ್ಲ, ಹೇಳಿದ ಮೇಲೆ ನಕ್ಕಳು, ಆಮೇಲೆ ಸುಮ್ಮನಾದಳು. “ನಡಕೋತ ಬಂದ್ರೇನು?” ಎಂದು ಕೇಳಿದಳು. “ಇಲ್ಲವ್ವಾ, ಬಸ್ಸಿಗೆ ಬಂದೆ” ಎಂದೆ. ಆ ದಾರಿಯನ್ನು ನಡೆಯಬೇಕಾಗಿದ್ದ ವಯಸ್ಸಿನಲ್ಲಿ ನಾನು ನಡೆದಿರಲಿಲ್ಲ. ಅವಳು ಆ ಬೀಜಗಳನ್ನು ಟ್ರ್ಯಾಕ್ಟರ್ ನಿಲ್ಲುವ ಜಾಗದ ಬೇಲಿಯಗುಂಟ ಊರಿದಳೆಂದು ಶ್ರಾವಣದಲ್ಲಿ ಫೋನು ಮಾಡಿ ಹೇಳಿದಳು.

ಯುಗಾದಿಗೆ ಮೊಮ್ಮಗಳು ಊರಿಗೆ ಬರುತ್ತಾಳೆ. ಅವಳ ಪ್ರಶ್ನೆಗೆ ಉತ್ತರವನ್ನು ಸಿದ್ಧ ಮಾಡಿಕೊಂಡಿದ್ದೇನೆ. ಯಾರಾದರೂ ಹರಿದರೆ, ಹರಿದವರೇ ಬೇರೆ ಊರಿಗೆ ನಡೆದು ಹೋಗಿ ಬೀಜ ಕೇಳಿ ತರಬೇಕು, ಮತ್ತೊಬ್ಬರನ್ನು ಕಳಿಸಬಾರದು. ಏಳು ವರ್ಷದವಳಿಗೆ ಅಷ್ಟು ಸಾಕು. ಉಳಿದದ್ದನ್ನು ದೊಡ್ಡವಳಾದ ಮೇಲೆ ಇಲ್ಲಿ ಓದಿಕೊಳ್ಳಲಿ.

ಕಾಯಿ ಈಗ ಚೆನ್ನಾಗಿ ಬಲಿಯುತ್ತಿದೆ. ಮೇ ಹೊತ್ತಿಗೆ ಬೀಜ ಕೈಗೆ ಬರಬಹುದು. ಬೇಸಿಗೆ ರಜೆಯಲ್ಲಿ ಕಕ್ಕೇರಾ ಕಡೆ ಬರುವ ವಿದ್ಯಾರ್ಥಿಗಳು, ಬಂಧುಗಳು ಮನೆಗೆ ಬನ್ನಿರಿ. ತಲೆಗೆ ಐದು ಬೀಜ ಕೊಡುತ್ತೇನೆ. ಊಟವೂ ಇಲ್ಲೇ. ಹೀರೆಕಾಯಿ ಪಲ್ಯ ಮಾಡಲು ಈಗ ನನಗೂ ಬರುತ್ತದೆ. ಶೇಂಗಾಪುಡಿ ಸ್ವಲ್ಪ ಹೆಚ್ಚಾಗುತ್ತದೆ, ಸುಧಾರಿಸಿಕೊಳ್ಳಬೇಕು. ಉಂಡ ಮೇಲೆ ತಾಟು ತೊಳೆದ ನೀರನ್ನು ಬಳ್ಳಿಗೆ ನೀವೇ ಹಾಕಬೇಕು, ಇದೊಂದು ಶರತ್ತು.